ಯಾವ ಸಂಬಂಧವೂ ಇಲ್ಲ

ರವಿಚಂದ್ರ ಕೆಲಸಕ್ಕೆ ಸೇರಿದ ದಿನ ಇಡೀ ಆಫೀಸಿಗೆ ಮಂಡಕ್ಕಿ, ಮಿರ್ಚಿ ತರಿಸಿದ್ದ. ಎಲ್ಲರೂ ಮುಗಿಬಿದ್ದರು. ಆಶಾರಾಣಿ ಮಾತ್ರ ತನ್ನ ಪಾಲಿನ ಪೊಟ್ಟಣವನ್ನು ಮೇಜಿನ ಅಂಚಿಗೆ ಸರಿಸಿದಳು. ಹುಡುಗಿಗೆ ಸೊಕ್ಕು ಜಾಸ್ತಿ ಎಂದುಕೊಂಡ ಅವನು.

"ಖಾರ ಆಗಲ್ವೇನ್ರಿ?"

"ಖಾರ ಆಗುತ್ತೆ. ಗಿಫ್ಟ್ ಆಗಲ್ಲ. ನೀವು ಫಂಡ್ ಮ್ಯಾನೇಜರು, ನಾನು ಕಂಪ್ಲಯನ್ಸು. ನೀವು ನೆಟ್ಟಗೆ ಕೆಲಸ ಮಾಡ್ತೀರೋ ಇಲ್ವೋ ನೋಡೋಕೆ ನನಗೆ ಸಂಬಳ ಕೊಡ್ತಾರೆ. ನಿಮ್ಮ ಮಿರ್ಚಿ ತಿಂದು ಹೆಂಗೆ ನೋಡ್ಲಿ?"

ಹಾಗೆಂದವಳು ಪರ್ಸಿನಿಂದ ಚಿಲ್ಲರೆ ತೆಗೆದು ಅವನ ಮುಂದಿಟ್ಟು, ಆಮೇಲೆ ತಿಂದಳು. ಮಿರ್ಚಿ ಸುಡುಸುಡು ಖಾರವಿತ್ತು. ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ. ಅವನು ಸದ್ದಿಲ್ಲದೆ ಒಂದು ಲೋಟ ನೀರು ತಂದಿಟ್ಟು, "ನೀರು ಆಫೀಸಿಂದ್ರಿ, ನಂದಲ್ಲ" ಎಂದ.

ಅವಳಿಗೆ ನಗು ತಡೆಯಲಾಗಲಿಲ್ಲ. ಶುರುವಾದದ್ದು ಅಲ್ಲಿಂದಲೇ.

ದಾವಣಗೆರೆಯ ಆ ಆಫೀಸಿನಲ್ಲಿ ಇಬ್ಬರ ನಡುವೆ ಒಂದು ಗಾಜಿನ ಗೋಡೆಯಿತ್ತು. ಅವನು ಶೇರು ಕೊಳ್ಳುವ ಮುಂಚೆ ಅವಳ ಒಪ್ಪಿಗೆ ಬೇಕು. ಮೆಸೇಜು ಕಳಿಸಿ ಗಾಜಿನಾಚೆಯಿಂದ ಹುಬ್ಬು ಹಾರಿಸುತ್ತಿದ್ದ. ಅವಳು ಬೇಕೆಂದೇ ನಿಧಾನವಾಗಿ ಓದುತ್ತಿದ್ದಳು. ಅವನು ಗಡಿಯಾರ ತೋರಿಸಿದರೆ ಇವಳು ಕನ್ನಡಕ ತೆಗೆದು ಒರೆಸುತ್ತಾ ಕೂರುವಳು. ಒಮ್ಮೆ ಅವನು ಕೈ ಮುಗಿದೇ ಬಿಟ್ಟ. ತುಟಿ ಕಚ್ಚಿಕೊಂಡು ಒಪ್ಪಿಗೆ ಒತ್ತಿದಳು. ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಇಬ್ಬರೂ ಒಂದು ಮಾತೂ ಆಡಿರಲಿಲ್ಲ.

ಫಂಡಿನ ಒಡೆಯ ಬಕ್ಕೇಶಪ್ಪ ದೊಡ್ಡ ಮನುಷ್ಯ. ಊರಿನ ವ್ಯಾಪಾರಸ್ಥರು, ಡಾಕ್ಟರುಗಳು ಅವರ ಮುಖ ನೋಡಿಯೇ ಹಣ ಹಾಕಿದ್ದರು. ಆ ಹಣದಲ್ಲಿ ಒಂದು ಕಂಪನಿಯ ಶೇರು ಕೊಳ್ಳುವಂತೆ ಅವರು ಆಶಾರಾಣಿಯ ಎದುರಿಗೇ ರವಿಚಂದ್ರನಿಗೆ ಹೇಳಿದರು. ಕೊಂಡ. ಮತ್ತೆ ಹೇಳಿದರು, ಮತ್ತೆ ಕೊಂಡ. ಕಾಗದಗಳೆಲ್ಲ ಸರಿಯಿದ್ದವು, ಅವಳೂ ಒಪ್ಪಿಗೆ ಒತ್ತಿದ್ದಳು. ಆಮೇಲೆ ತಿಳಿಯಿತು, ಬೇರೆಯವರ ಹೆಸರಿನಲ್ಲಿದ್ದ ಆ ಕಂಪನಿ ಬಕ್ಕೇಶಪ್ಪನ ಅಳಿಯನದೇ. ಮುಳುಗುತ್ತಿದ್ದ ಅಳಿಯನನ್ನು ಮಾವ ಊರವರ ದುಡ್ಡಿನಲ್ಲಿ ಎತ್ತುತ್ತಿದ್ದಾನೆ ಎಂದು.

ಅವನು ಗಾಜಿನ ಬಾಗಿಲು ತೆಗೆದು ಒಳಗೆ ಬಂದ. ಮುಖ ಬಿಳಿಚಿಕೊಂಡಿತ್ತು.

"ನನ್ನ ಕೈಯಿಂದ್ಲೇ ಆಗೈತೆ. ಸೆಬಿಗೆ ಬರೀರಿ."

"ಬರೆದ್ರೆ ನಿಮ್ಮ ಹೆಸರೂ ಬರುತ್ತೆ."

"ಬರ್ಲಿ."

ಬರೆದಳು. ಅವನ ಹೆಸರನ್ನೂ ಬರೆದಳು.

ಫಂಡು ಕುಸಿಯಿತು. ಗಂಡ ಸತ್ತ ಮೇಲೆ ಗಿರಣಿ ಮಾರಿ ಬಂದದ್ದನ್ನೆಲ್ಲ ಹಾಕಿದ್ದ ಕಸ್ತೂರಮ್ಮ, ಬೀಗ ಬಿದ್ದ ಆಫೀಸಿನ ಮೆಟ್ಟಿಲ ಮೇಲೆ ಬಂದು ಕೂತು ಎದ್ದು ಹೋಗುತ್ತಿದ್ದರು. ಯಾರನ್ನೂ ಬಯ್ಯುತ್ತಿರಲಿಲ್ಲ. ಬೈದಿದ್ದರೆ ವಾಸಿಯಿತ್ತು ಎಂದು ಆಶಾರಾಣಿಗೆ ಅನ್ನಿಸುತ್ತಿತ್ತು.

ಶೇರು ಪೇಟೆಯನ್ನು ಕಾಯುವ ಸೆಬಿಯ ನೋಟಿಸು ಬಕ್ಕೇಶಪ್ಪನಿಗೂ ಬಂತು, ರವಿಚಂದ್ರನಿಗೂ ಬಂತು. ಬಕ್ಕೇಶಪ್ಪ ಕೈ ತೊಳೆದುಕೊಂಡ. ಎಲ್ಲ ಆ ಹುಡುಗನ ಕಿತಾಪತಿ, ನನಗೇನೂ ಗೊತ್ತಿಲ್ಲ ಎಂದ. ಒಡೆಯನ ಮಾತಿನ ಮೇಲೆ ಕೊಂಡದ್ದು, ನಿಜ ತಿಳಿದ ಕೂಡಲೇ ಓಡಿಬಂದು ಹೇಳಿದ್ದು, ಇದಕ್ಕೆಲ್ಲ ಇದ್ದ ಸಾಕ್ಷಿ ಆಶಾರಾಣಿಯೊಬ್ಬಳೇ. ಅವಳ ಮಾತು ನಂಬಿದರೆ ಅವನು ಉಳಿದ. ನಂಬದಿದ್ದರೆ ಅವನು ಜೈಲಿಗೆ, ಬಕ್ಕೇಶಪ್ಪ ಮನೆಗೆ.

ವಿಚಾರಣೆಯ ಹಿಂದಿನ ಸಂಜೆ ಅವನು ತನ್ನ ಊರು ಭಾನುವಳ್ಳಿಯಿಂದ ಹರಿಹರಕ್ಕೆ, ಅವಳ ಊರಿಗೆ ಬಂದ. ಹೊಳೆ ದಂಡೆಯಲ್ಲಿ ನಿಂತರು. ಅವನು ಶರ್ಟಿನ ಗುಂಡಿ ತಿರುಗಿಸುತ್ತಾ, ಹೊಳೆ ನೋಡುತ್ತಾ, ಕೊನೆಗೆ ಅವಳನ್ನೇ ನೋಡಿದ.

"ಒಂದು ಮಾತು ಹೇಳ್ಬೇಕಿತ್ತು."

"ಹೇಳಬ್ಯಾಡ್ರಿ."

"ಏನಂತ ಗೊತ್ತಿಲ್ದೆ?"

"ಗೊತ್ತೈತೆ. ಅದಕ್ಕೇ ಬ್ಯಾಡ ಅಂದಿದ್ದು." ಅವಳ ಕಿವಿ ಕೆಂಪಾಗಿತ್ತು. "ನಮ್ಮಿಬ್ಬರಿಗೂ ಏನು ಸಂಬಂಧ ಅಂತ ನಾಳೆ ಕೇಳೇ ಕೇಳ್ತಾರೆ. ನೀವು ಹೇಳಿ, ನಾನು ಹ್ಞೂಂ ಅಂದುಬಿಟ್ರೆ ನಾಳೆ ಸುಳ್ಳು ಹೇಳ್ಬೇಕಾಗುತ್ತೆ. ಪ್ರಮಾಣ ಮಾಡಿ ಸುಳ್ಳು ಹೇಳೋಕೆ ನನಗೆ ಬರಲ್ಲ. ಹೇಳದೆ ಇದ್ರೆ ಏನೂ ಇಲ್ಲ ಅಂತ ನಿಜಾನೇ ಹೇಳ್ಬಹುದು."

ಅವನ ನಾಲಿಗೆ ತುದಿಗೆ ಬಂದದ್ದು ಅಲ್ಲೇ ನಿಂತಿತು. ನುಂಗಿಕೊಂಡು ನಕ್ಕ. ಅವಳು ಹೊಳೆಯ ಕಡೆ ಮುಖ ತಿರುಗಿಸಿದಳು.

ವಿಚಾರಣೆ ವಿಡಿಯೋದಲ್ಲಿ ನಡೆಯಿತು. ಮುಂಬೈಯಲ್ಲಿ ಅಧಿಕಾರಿ, ಇನ್ನೊಂದು ಚೌಕದಲ್ಲಿ ಬಕ್ಕೇಶಪ್ಪ ಮತ್ತು ಅವರ ವಕೀಲ, ಮೂಲೆಯ ಚಿಕ್ಕ ಚೌಕದಲ್ಲಿ ರವಿಚಂದ್ರ. ವಕೀಲ ಇಲ್ಲಿಯವನೇ. ಅಧಿಕಾರಿಯ ಅನುಮತಿ ಪಡೆದು ಕನ್ನಡಕ್ಕೆ ತಿರುಗಿದ. ದನಿ ಬೆಣ್ಣೆಯಂತಿತ್ತು.

"ನಿಮಗೂ ರವಿಚಂದ್ರಗೂ ಏನು ಸಂಬಂಧ, ತಾಯಿ?"

"ಒಂದೇ ಆಫೀಸಲ್ಲಿದ್ವಿ. ಬೇರೆ ಯಾವ ಸಂಬಂಧವೂ ಇಲ್ಲ."

"ಇವತ್ತಿಲ್ಲ, ಸರಿ. ಮುಂದೆ? ಲಗ್ನ ಆಗೋ ಯೋಚನೆ ಏನಾದ್ರೂ?"

ನಿನ್ನೆ ಮತ್ತು ಇವತ್ತಿಗೆ ಉತ್ತರ ಕಟ್ಟಿಕೊಂಡು ಬಂದಿದ್ದಳು. ನಾಳೆಯನ್ನು ಯಾರಾದರೂ ಕೇಳಬಹುದೆಂದು ಹೊಳೆದೇ ಇರಲಿಲ್ಲ. ಹೌದು ಎಂದರೆ, ಮೆಚ್ಚಿದವನನ್ನು ಉಳಿಸಲು ಬಂದವಳ ಸಾಕ್ಷಿ ಇದು ಎಂದು ಬದಿಗೆ ಎಸೆಯುತ್ತಾರೆ. ಚಿಕ್ಕ ಚೌಕದಲ್ಲಿ ರವಿಚಂದ್ರ ತಲೆ ಎತ್ತಿದ. ಗಾಜಿನಾಚೆಯಿಂದ ನೋಡುತ್ತಿದ್ದ ಹಾಗೆಯೇ ನೋಡಿದ. ಅಧಿಕಾರಿ ಕಾಯುತ್ತಿದ್ದರು.

ಅಷ್ಟು ಹೊತ್ತಿನಲ್ಲಿ, ಹೇಳುವ ಮಾತು ಸುಳ್ಳಾಗದಿರಲೆಂದು, ಅವಳು ಮನಸ್ಸಿನಲ್ಲೇ ಅವನನ್ನು ಬಿಟ್ಟುಕೊಟ್ಟಳು. ಬಿಟ್ಟುಕೊಟ್ಟ ಮೇಲೆಯೇ ಬಾಯಿ ತೆರೆದಳು.

"ಇಲ್ಲ. ಮುಂದೆಯೂ ಇರಲ್ಲ."

ಅವನು ತಲೆ ತಗ್ಗಿಸಿದ್ದನ್ನು ಅವಳ ಹೊರತು ಯಾರೂ ಗಮನಿಸಲಿಲ್ಲ.

ಮಳೆಗಾಲ ಕಳೆದ ಮೇಲೆ ಆದೇಶ ಬಂತು. ಬಕ್ಕೇಶಪ್ಪ ಇನ್ನು ಶೇರು ಪೇಟೆಗೆ ಕಾಲಿಡುವಂತಿಲ್ಲ, ಹೂಡಿದವರ ಹಣ ಹಿಂತಿರುಗಿಸಬೇಕು. ರವಿಚಂದ್ರನಿಗೆ ಬರೀ ಎಚ್ಚರಿಕೆ. ಮರುದಿನ ಬೆಳಿಗ್ಗೆ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ, ದಾವಣಗೆರೆಯ ಹೊಸ ಕೆಲಸಕ್ಕೆ ಹೊರಟಿದ್ದ ಅವಳ ಎದುರು, ಅದೇ ಬಸ್ಸಿಗೆ ಹೋಗಬೇಕಿದ್ದ ಅವನು ಬಂದು ನಿಂತ. ತಲೆ ಬಾಚಿ, ಹೊಸ ಶರ್ಟು ತೊಟ್ಟು, ಮುಖದ ತುಂಬ ಬೆಳಕು.

"ಈಗ ಹೇಳ್ಲಾ?"

"ಬ್ಯಾಡ್ರಿ."

"ಎಲ್ಲಾ ಮುಗೀತಲ್ಲ!"

"ಬಕ್ಕೇಶಪ್ಪ ಅಪೀಲು ಹೋಗೇ ಹೋಗ್ತಾರೆ. ನಮ್ಮ ಲಗ್ನಪತ್ರಿಕೆ ಅಚ್ಚಾದ ದಿನವೇ ಆ ವಕೀಲ ಅದನ್ನ ಹಿಡ್ಕೊಂಡು ಹೋಗ್ತಾನೆ, ಈಕೆ ಪ್ರಮಾಣ ಮಾಡಿ ಸುಳ್ಳು ಹೇಳಿದ್ಲು ಅಂತ. ನೀವು ಒಳಗೆ ಹೋಗ್ತೀರಿ, ಬಕ್ಕೇಶಪ್ಪ ಹೊರಗೆ ಬರ್ತಾರೆ. ಕಸ್ತೂರಮ್ಮಗೆ ಬರೋದೂ ಬರಲ್ಲ."

"ಅಪೀಲು ಮುಗೀಲಿ. ಕಾಯ್ತೀನಿ."

"ಕಾದ್ರೆ ಮನಸಲ್ಲಿ ಯೋಚನೆ ಐತೆ ಅಂತಾಯ್ತಲ್ರಿ. ಇರಲ್ಲ ಅಂದೀನಿ. ಇರಬಾರದು."

ಅವನು ಹೊಸ ಶರ್ಟಿನ ಗುಂಡಿ ತಿರುಗಿಸಿದ. ಆಮೇಲೆ ಕೇಳಿದಾಗ ದನಿ ಒಡೆದಿತ್ತು.

"ಹಂಗಾರೆ ನಿಜವಾಗ್ಲೂ ಏನೂ ಇಲ್ವಾ?"

"ಸಂಬಂಧ ಐತೇನು ಅಂತ ಕೇಳಿದ್ರು. ಲಗ್ನ ಆಗ್ತೀರೇನು ಅಂತ ಕೇಳಿದ್ರು." ಅವಳು ಮೊದಲ ಸಲ, ಯಾವ ಗಾಜೂ ಇಲ್ಲದೆ, ಅವನ ಕಣ್ಣನ್ನೇ ನೋಡಿದಳು. "ಪ್ರೀತಿ ಐತೇನು ಅಂತ ಯಾರೂ ಕೇಳಲಿಲ್ಲ."

"ಕೇಳಿದ್ರೆ?"

"ಐತೆ ಅಂತಿದ್ದೆ. ನಿಮ್ಮನ್ನ ಮುಳುಗಿಸ್ತೀನಿ ಅಂತ ಗೊತ್ತಿದ್ರೂ ಅದೊಂದಕ್ಕೆ ಇಲ್ಲ ಅನ್ನೋಕೆ ನನಗೆ ಆಗ್ತಿರಲಿಲ್ಲ."

ದಾವಣಗೆರೆ ಬಸ್ಸು ಬಂತು. ಕಂಡಕ್ಟರು ಕೂಗುತ್ತಿದ್ದ. "ಹತ್ರಿ" ಎಂದಳು ಅವಳು. ಅವನು ಹತ್ತಿದ. ಕಿಟಕಿ ಪಕ್ಕ ಕೂತು, ತನ್ನ ಪಕ್ಕದ ಖಾಲಿ ಸೀಟನ್ನು ನೋಡಿ, ಅವಳನ್ನು ನೋಡಿದ. ಬಸ್ಸು ಹೊರಟಿತು.

ಅವಳೂ ದಾವಣಗೆರೆಗೇ ಹೋಗಬೇಕಿತ್ತು. ಮುಂದಿನ ಬಸ್ಸಿಗೆ ನಿಂತಳು.