ಯತೀಶನ ಕಡೆಯ ಗಾಡಿ

ಈ ಒಂದು ಗ್ಯಾರೇಜಿನ ಎದುರು ತನ್ನ ಗಾಡಿ ಎಂದೂ ಕೆಟ್ಟು ನಿಲ್ಲದಿರಲಿ ಎಂದು ಅಮಿತಾ ಎರಡು ವರ್ಷದಿಂದ ಬೇಡಿಕೊಂಡಿದ್ದಳು.

ಇವತ್ತು ಅಲ್ಲೇ ನಿಂತಿತು.

ಬೈಂದೂರಿನಲ್ಲಿ ಮೀನು ಇಳಿಸಿ ಮರಳುವಾಗ, ತಲ್ಲೂರು ಹತ್ತಿರವಾದಂತೆ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತ್ತು. ತೀರಿಹೋದ ಅಪ್ಪನ ಹಳೆಯ ಪಿಕಪ್. ಬಾನೆಟ್ ಎತ್ತಿದರೆ ಬರೀ ಹಬೆ. ಅವಳು ಹಬೆಯಲ್ಲೇ ಬಗ್ಗಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಚಾಚಿದಳು.

“ಹ್ವಾಯ್, ಮುಚ್ಚಳ ತೆಗಿಬೇಡಿ. ಬಿಸಿನೀರ್ ಮುಖಕ್ಕೆ ಹಾರತ್ತ್.”

ಆ ದನಿ... ಅಮಿತಾ ಚಾಚಿದ ಕೈ ಹಿಂದಕ್ಕೆಳೆದುಕೊಂಡಳು.

ಯತೀಶ.

ನಿಶ್ಚಿತಾರ್ಥ ಮುಗಿದು, ಮದುವೆಗೆ ಹದಿನೈದು ದಿನ ಇರುವಾಗ ‘ಬೇಡ’ ಎಂದು ಹೇಳಿ ಕಳಿಸಿದವನು. ಕಾರಣ ಹೇಳಿರಲಿಲ್ಲ. ಮುಂಬಯಿಯಲ್ಲಿ ಬೇರೆ ಹುಡುಗಿ ಇದ್ದಾಳಂತೆ ಎಂದು ಜನ ಆಡಿಕೊಂಡರು. ಅವಳೂ ನಂಬಿದ್ದಳು.

ಅವನು ಹತ್ತಿರ ಬಂದು ಅವಳತ್ತ ನೋಡಿದ. ಮುಖದಲ್ಲಿ ಗುರುತಿನ ಸುಳಿವೇ ಇಲ್ಲ.

“ಯಾರ್ ಗಾಡಿ ಇದ್?”

‘ನನ್ನ ಮುಖವೂ ಮರೆತುಹೋಯಿತೇ?’ ಅವಳ ಕಣ್ಣು ಉರಿಯಿತು.

“ನಮ್ದೇ.”

ಬಾನೆಟ್ಟಿನತ್ತ ಚಾಚಿದ ಅವನ ಕೈ ಅಲ್ಲೇ ನಿಂತಿತು. “ಅಮಿತಾ...?”

“ಹೌದ್. ಸರಿ ಮಾಡಿ ಕೊಟ್ರೆ ಹೋತೆ.”

ಇಂಜಿನ್ ತಣಿಯುವವರೆಗೆ ಅವಳು ಗಾಡಿಯ ಆಚೆ ಬದಿಗೆ ಹೋಗಿ ನಿಂತಳು. ಆಮೇಲೆ ಅವನು ಅಡಿಯ ಪೈಪ್ ಬಿಚ್ಚಿದ. ಕೆಂಪು ಮಣ್ಣಿನಂಥ ನೀರು ಸುರಿಯಿತು.

“ಬಾವಿ ನೀರ್ ಹಾಕಿ ಹಾಕಿ ಒಳ್ಗೆಲ್ಲ ತುಕ್ಕ್. ವಾಟರ್ ಪಂಪ್ ಹೋಯ್ತ್. ಪೈಪ್ ಒಡ್ದಿತ್ತ್. ರೇಡಿಯೇಟರೂ ಹೊಸ್ತೇ ಬೇಕ್.”

ಅವನು ಫೋನ್ ಮಾಡಿ ಕುಂದಾಪುರದಿಂದ ಸಾಮಾನು ತರಿಸಿದ. ಹಳೆಯ ರೇಡಿಯೇಟರ್ ಕಳಚಿ ಪಕ್ಕದಲ್ಲೇ ಇಟ್ಟು, ಹೊಸ ಪಂಪಿನ ಬೋಲ್ಟುಗಳನ್ನು ಬೆರಳಿನಿಂದ ಎಣಿಸಿದಂತೆ ಒಂದೊಂದಾಗಿ ಮುಟ್ಟಿ ಬಿಗಿದ. ಎಷ್ಟು ನಾಜೂಕಿನ ಕೈ... ಅವಳು ಮುಖ ತಿರುಗಿಸಿಕೊಂಡಳು.

ಮತ್ತೆ ನೋಡಿದಾಗ ಅವನು ನೆಲ ತಡವುತ್ತಿದ್ದ. ಸ್ಪ್ಯಾನರ್ ಅವನ ಮೊಣಕಾಲಿನ ಬದಿಯಲ್ಲೇ ಇತ್ತು. ಸಿಗದೆ ಎದ್ದವನು, ತಾನೇ ಇಟ್ಟ ಹಳೆಯ ರೇಡಿಯೇಟರಿಗೆ ಎಡವಿ ಬಿದ್ದ.

ಅಮಿತಾ ಓಡಿಬಂದಳು. ಅವನ ಅಂಗೈಯಲ್ಲಿ ರಕ್ತ.

“ನಿಮ್ಗೆ ಕಣ್ಣ್ ಕಾಂತಿಲ್ಯಾ?”

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ಪೈಪಿನ ಒಳ್ಗಿಂದ ಕಂಡಂಗೆ. ಎದ್ರಿಗೆ ಚೂರ್ ಕಾಣತ್ತ್, ಬದಿಯಲ್ಲಿ ಎಂತದೂ ಇಲ್ಲ. ಆ ಚೂರೂ ಸಣ್ಣ ಆತಾ ಇತ್ತ್.”

“ಮದ್ದ್?”

“ಮಣಿಪಾಲದಲ್ಲೂ ಕೇಂಡೆ, ಮಂಗ್ಳೂರಲ್ಲೂ ಕೇಂಡೆ. ಇಲ್ಲ ಅಂದ್ರ್. ಈ ತಿಂಗ್ಳಿಗೆ ಗ್ಯಾರೇಜ್ ಬಂದ್. ನಿನ್ ಗಾಡಿಯೇ ಕಡೇದ್.”

ಅಮಿತಾಳಿಗೆ ಎರಡು ವರ್ಷ ಅವನಿಗೆ ಹಾಕಿದ ಶಾಪವೆಲ್ಲ ನೆನಪಾಯಿತು...

“ಮದ್ವಿ ಬೇಡ ಅಂದದ್ ಇದಕ್ಕಾ?”

“ನಾನ್ ನಿಂಗೆ ಭಾರ ಆಪ್ದ್ ಬೇಡ ಅಂದ್ಕಂಡೆ.”

“ನನ್ನ ಒಂದ್ ಮಾತ್ ಕೇಂಬುಕ್ ಆಗಿಲ್ಯಾ?”

“ಕೇಂಡಿದ್ರೆ ನೀನ್ ಅಡ್ಡಿಲ್ಲ ಅಂತಿದ್ದೆ. ಅದೇ ಹೆದ್ರಿಕೆ.”

ಅವಳು ಶಾಲು ಹರಿದು ಅವನ ಕೈಗೆ ಕಟ್ಟಿದಳು. ಅಳು ತಡೆಯಲಾಗಲಿಲ್ಲ; ತಡೆಯಲೂ ಇಲ್ಲ. ಮಿಕ್ಕ ಕೆಲಸವನ್ನು ಇಬ್ಬರೂ ಸೇರಿ ಮುಗಿಸಿದರು. ಅವನು ಹೇಳಿದ, ಅವಳು ಕ್ಲಿಪ್ ಬಿಗಿದಳು, ಕೂಲೆಂಟ್ ಹೊಯ್ದಳು. ಇಂಜಿನ್ ಅರ್ಧ ಗಂಟೆ ಓಡಿತು.

“ಮುಳ್ಳ್ ಈಗ ಎಲ್ಲಿತ್ತ್?” ಅವನು ಕೇಳಿದ.

“ನಡುವಲ್ಲೇ. ಏರಲಿಲ್ಲ.”

“ಹಂಗಾರೆ ಹೋಯ್ಕೊ. ಕಣ್ಣ್ ಕಾಣದವನ್ನ ನಿನ್ನ ಅಮ್ಮ ಒಪ್ಪುದಿಲ್ಲ, ಅಮಿತಾ.”

“ಒಪ್ಪುದಿಲ್ಲ. ನಂಗೂ ಗೊತ್ತಿತ್ತ್.”

ಆದರೂ ಅವಳು ಹೋಗಲಿಲ್ಲ.

“ನನ್ ಮುಖ ಕಾಣತ್ತಾ?”

“ಹತ್ರ ಇದ್ರೆ ಇಡೀ ಕಾಂತಿಲ್ಲ. ಒಂದ್ ಕಣ್ಣ್, ಇಲ್ಲದ್ರೆ ಬಾಯಿ ಮಾತ್ರ. ದೂರ ನಿಂತ್ರೆ ಪೂರಾ ಕಾಣತ್ತ್.”

ಅಮಿತಾ ಹಿಂದೆ ಹಿಂದೆ ನಡೆದಳು. ಅಂಗಳ ದಾಟಿ ರಸ್ತೆಯ ಅಂಚಿಗೆ ಬಂದಳು. ಬಿಸಿಲಿನಲ್ಲಿ ನಿಂತು ಕೂಗಿದಳು.

“ಈಗ?”

ಅವನು ಕುಳಿತಲ್ಲಿಂದಲೇ ತಲೆಯನ್ನು ಮೆಲ್ಲನೆ ಅತ್ತಿತ್ತ ಆಡಿಸಿ ಅವಳನ್ನು ಹುಡುಕಿದ. ಸಿಕ್ಕಳು.

“ಈಗ ಕಂಡ್ತ್... ನೀನ್ ಮೊದ್ಲಿಗಿಂತ ಸಪೂರ ಆಯ್ದೆ.”

ಅವನು ಸಾಕು ಎನ್ನುವವರೆಗೂ ನಿಲ್ಲಬೇಕೆಂದುಕೊಂಡಳು. ಅವನು ಸಾಕು ಎನ್ನಲಿಲ್ಲ. ಕೊನೆಗೆ ಅವಳೇ ನಡೆದು ಬಂದು ಅವನ ಪಕ್ಕ ಕುಳಿತಳು.

“ಈಗ ಮತ್ತೆ ಕಾಂತಿಲ್ಲ,” ಎಂದ ಅವನು.

“ಅಡ್ಡಿಲ್ಲ. ಕೈ ಕೊಡಿ.”