ಕೆಟ್ಟು ನಿಂತ ಅಂಬಾಸಿಡರ್

ಮಗಳು ನೇತ್ರಾ ಬಾವಿಗೆ ಬಿದ್ದಳೆಂದು ಅವಳ ಗಂಡನ ಊರು ಸಿಂಗಟಾಲೂರಿನಿಂದ ಖಬರ ಬಂದ ದಿನ ಚನ್ನಬಸವಣ್ಣನಿಗೆ ಅಳು ಬರಲಿಲ್ಲ. ಮೂರು ವರ್ಷವಾಯಿತು, ಇನ್ನೂ ಬಂದಿಲ್ಲ. ಹೆಣದ ಮೈ ತೊಳೆಯುವಾಗ ಅವನ ಹೆಂಡತಿ ಸುಮಿತ್ರವ್ವ ಬೆನ್ನ ಮೇಲಿನ ಬಾಸುಂಡೆ ಕಂಡಿದ್ದಳು. ನೇತ್ರಾನ ಮಾವ ಗೋಣೆಪ್ಪ ಎಲೆಅಡಿಕೆ ಅಗಿಯುತ್ತಲೇ ಅಂದಿದ್ದ: "ಕಾಲು ಜಾರಿತ್ರಿ ಬೀಗರ. ನಮ್ಮ ಕೈಯಾಗ ಏನೈತಿ?" ಪೊಲೀಸರು ಕಾಗದದಲ್ಲೂ ಹಾಗೇ ಬರೆದರು. ಹಾಗಾದರೆ ಗೋಣೆಪ್ಪನ ಕಾಲೂ ಜಾರಬಹುದು ಎಂದು ಚನ್ನಬಸವಣ್ಣನಿಗೆ ಅನ್ನಿಸಿತು. ಸಿಟ್ಟಿನಿಂದಲ್ಲ, ಕೆಟ್ಟ ನಟ್ಟು ಬದಲಿಸಬೇಕು ಅನ್ನಿಸಿದ ಹಾಗೆ.

ಬೆಟಗೇರಿಯ ಮನೆಯ ಹಿಂದಿನ ಪತ್ರಾಸಿನ ಶೆಡ್ಡಿನಲ್ಲಿ ಎಪ್ಪತ್ತನಾಲ್ಕನೇ ಇಸವಿಯ ಅಂಬಾಸಿಡರ್ ಇತ್ತು. ನೇತ್ರಾ ಗಂಡನ ಮನೆಗೆ ಹೋದದ್ದು ಅದರಲ್ಲೇ. ಸೀಸ ಬೆರೆಸಿದ ಪೆಟ್ರೋಲಿನ ಕಾಲದ ಎಂಜಿನ್ನು. ವಾಲ್ವು ಕೂರುವ ಜಾಗಕ್ಕೆ ಆ ಸೀಸ ತೆಳ್ಳಗೆ ಮೆತ್ತಿಕೊಂಡು ಕಬ್ಬಿಣ ಸವೆಯದಂತೆ ಕಾಯುತ್ತಿತ್ತು. ಸೀಸವಿಲ್ಲದ ಪೆಟ್ರೋಲು ಬಂದ ಮೇಲೆ, ಟಾಕಿ ತುಂಬಿಸಿದಾಗಲೆಲ್ಲ ಒಂದು ಮುಚ್ಚಳ ಔಷಧ ಹಾಕಬೇಕಾಗಿತ್ತು. ಇಪ್ಪತ್ತು ವರ್ಷ ತಪ್ಪದೆ ಹಾಕಿದ್ದ. ಐಟಿಐಯಲ್ಲಿ ಮೂವತ್ತು ವರ್ಷ ಹುಡುಗರಿಗೆ ಎಂಜಿನ್ನಿನ ಕೆಲಸ ಕಲಿಸಿದವನು. ಔಷಧ ನಿಲ್ಲಿಸಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು.

ನಿಲ್ಲಿಸಿದ. ಲಕ್ಷ್ಮೇಶ್ವರಕ್ಕೆ, ಶಿರಹಟ್ಟಿಗೆ ಕೆಲಸವಿಲ್ಲದಿದ್ದರೂ ಗಾಡಿ ಒತ್ತಿ ಓಡಿಸಿದ. ಒಂದೂವರೆ ವರ್ಷಕ್ಕೆ ಅದು ಮುಳಗುಂದ ನಾಕಾದಲ್ಲಿ, ಸಂತೆಯ ಮಂದಿಯ ನಡುವೆ, ಕೆಮ್ಮಿ ಕೆಮ್ಮಿ ನಿಂತಿತು.

"ಮಾಸ್ತರ, ಎತ್ತು ತಂದು ಹೂಡೂಣೇನ್ರಿ?" ಕಾಯಿಪಲ್ಲೆಯ ಫಕ್ಕೀರವ್ವ ಕೇಳಿದಳು. ಎಲ್ಲರೂ ನಕ್ಕರು. ಅವನಿಗೆ ಬೇಕಾದದ್ದು ಅದೇ.

ಮಿಸ್ತ್ರಿ ಲಾಡಸಾಬ ಎಂಜಿನ್ನಿನ ಹೆಡ್ಡು ಬಿಚ್ಚಿ ನೋಡಿದ. "ವಾಲ್ವಿನ ಸೀಟು ಪೂರಾ ತಿಂದು ಹಾಕೇತ್ರಿ. ಇನ್ನ ಇದು ಓಣಿ ಸೈತ ದಾಟೂದಿಲ್ಲ. ಗುಜರಿಗೆ ಹಾಕ್ರಿ."

"ಇರ್ಲಿ ಬಿಡೋ. ಮಗಳು ಕುಂತ ಗಾಡಿ."

ಆ ಮಾತು ಸುಳ್ಳೂ ಆಗಿರಲಿಲ್ಲ.

ಆಮೇಲೆ ಹುಬ್ಬಳ್ಳಿಯ ಗುಜರಿಯಿಂದ ಇನ್ನೊಂದು ಹೆಡ್ಡನ್ನು ಗೋಣಿಚೀಲದಲ್ಲಿ ತಂದ. ಅದಕ್ಕೆ ಯಾರೋ ಗಟ್ಟಿ ಉಕ್ಕಿನ ಸೀಟು ಕೂರಿಸಿದ್ದರು. ಸೀಸವೂ ಬೇಡ, ಔಷಧವೂ ಬೇಡ. ಶೆಡ್ಡಿನ ಬಾಗಿಲು ಮುಚ್ಚಿಕೊಂಡು ದಿನಕ್ಕೆ ನಾಲ್ಕು ಬೋಲ್ಟಿನಂತೆ ಜೋಡಿಸಿದ. ಪಕ್ಕದ ಹಿಟ್ಟಿನ ಗಿರಣಿ ಗದ್ದಲ ಮಾಡುವಾಗ ಒಂದೇ ಒಂದು ನಿಮಿಷ ಚಾಲೂ ಮಾಡಿ ನೋಡಿದ. ಗಾಡಿ ಬದುಕಿತ್ತು. ಊರಿನ ಪಾಲಿಗೆ ಸತ್ತಿತ್ತು.

ದಿನವನ್ನೂ ತೂಗಿ ಆರಿಸಿದ. ಖಂಡೆಪೂಜೆಯ, ಅಂದರೆ ಆಯುಧಪೂಜೆಯ, ಮಧ್ಯಾಹ್ನ ಹೋಳಿಗೆ ಉಂಡು ಇಡೀ ಓಣಿ ಮಲಗುತ್ತದೆ. ರಸ್ತೆಯ ಮೇಲಿನ ಪ್ರತಿ ಗಾಡಿಯ ನಂಬರು ಚೆಂಡುಹೂವಿನಡಿ ಮುಚ್ಚಿರುತ್ತದೆ. ಕುಂಟುಕಾಲಿನ ಅವನು ಮೋಟರಸೈಕಲ್ಲು ಹೊಡೆಯಲಾರ. ಬಸ್ಸು ಹತ್ತಿದರೆ ನಾಲ್ಕು ಮಂದಿ ಗುರುತು ಹಿಡಿಯುತ್ತಾರೆ. ಅವನು ಸಿಂಗಟಾಲೂರಿಗೆ ಹೋಗುವುದಾದರೂ ಹೇಗೆ?

ಅಂದು ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಸುಮಿತ್ರವ್ವ ಪಾನಾ-ಸುತ್ತಿಗೆಗಳ ಜೊತೆ ಕೆಟ್ಟ ಗಾಡಿಗೂ ಪೂಜೆ ಮಾಡಿದ್ದಳು. ಹಿಂದೆ ಮುಂದೆ ದಪ್ಪ ಮಾಲೆ. ತಾನೇ ಹಾಕಬೇಕೆಂದಿದ್ದ, ಆ ಕೆಲಸವನ್ನೂ ಅವಳೇ ಮುಗಿಸಿದ್ದಳು. ಅವಳು ಉಂಡು ಮಲಗಿದ ಮೇಲೆ ಮೊಬೈಲನ್ನು ದಿಂಬಿನಡಿ ಬಿಟ್ಟು, ಹಿಂದಿನ ಓಣಿಯಿಂದ ಗಾಡಿ ಹೊರಡಿಸಿದ. ಡಂಬಳ, ಮುಂಡರಗಿ, ಹೊಳೆಯ ಕಡೆಯ ರಸ್ತೆ.

ಗೋಣೆಪ್ಪ ಎಂದಿನಂತೆ ಹೊಲದ ಬಾವಿಯ ದಂಡೆಯ ಮೇಲೆ ಒಬ್ಬನೇ ಕುಂತಿದ್ದ. ತಿರುಗಿ ನೋಡಿದ. "ಬರ್ರಿ ಬೀಗರ. ಹಬ್ಬದ ದಿನ ದಾರಿ ತಪ್ಪಿ ಬಂದ್ರೇನು? ಹೋಳಿಗಿ ಉಂಡ್ರಿ?"

"ಉಂಡೆ," ಎಂದ ಚನ್ನಬಸವಣ್ಣ.

ಒಂದು ಕೈ ಸಾಕಾಯಿತು. ನೀರು ಸುಮ್ಮನಾಗುವವರೆಗೆ ನಿಂತ. ಆಗಲೂ ಏನೂ ಅನ್ನಿಸಲಿಲ್ಲ. ಹೊತ್ತು ಮುಳುಗುವ ಮೊದಲೇ ಶೆಡ್ಡಿಗೆ ಮರಳಿ, ಮಾಲೆ ಸರಿಪಡಿಸಿ, ಬಾನೆಟ್ಟಿನ ಮೇಲೆ ಎರಡು ಹಿಡಿ ಧೂಳು ತೂರಿ, ಹೆಂಡತಿಯ ಪಕ್ಕ ಬಂದು ಮಲಗಿದ.

ಮೂರನೆಯ ದಿನ ಪೊಲೀಸ್ ಫೌಜದಾರ ಬಂದ. ಹಳೆಯ ಬೀಗರಲ್ಲವೇ, ಕೇಳಲೇಬೇಕು. ಲಾಡಸಾಬನನ್ನು ಕರೆಸಿದರೆ ಅವನು ನಕ್ಕುಬಿಟ್ಟ. "ಆ ಗಾಡಿ ಸಿಂಗಟಾಲೂರಿಗೆ? ಸಾಹೇಬ್ರ, ಅದನ್ನ ಓಣಿ ತುದಿ ಮುಲ್ಲಾನ ಅಂಗಡಿತನಾ ಒಯ್ಯಾಕ ನಾಲ್ಕು ಮಂದಿ ಬೇಕ್ರಿ." ಶೆಡ್ಡಿನ ಬಾಗಿಲಲ್ಲಿ ನಿಂತು ಫೌಜದಾರ ಧೂಳು ನೋಡಿದ, ಬಾಡಿದ ಮಾಲೆ ನೋಡಿದ, ಕಟ್ಟೆಯ ಮೇಲೆ ಕುಂತು ಚಹಾ ಕುಡಿಯತೊಡಗಿದ. "ಕಾಲು ಜಾರಿರಬೇಕು ಬಿಡ್ರಿ ಮಾಸ್ತರ," ಎಂದ. ಚನ್ನಬಸವಣ್ಣ ತಲೆಯಾಡಿಸಿದ.

"ಪೂಜಿ ಎತ್ತೂದು ಹಂಗ ಉಳದಿತ್ತು," ಎನ್ನುತ್ತ ಸುಮಿತ್ರವ್ವ ಶೆಡ್ಡಿಗೆ ಹೋದಳು. ಹೊರಬಂದಾಗ ತಾಟಿನಲ್ಲಿ ಬಾಡಿದ ಹೂವಿತ್ತು; ಅವಳ ಕಣ್ಣು ಮಾತ್ರ ತಾಟಿನಿಂದ ಏಳಲಿಲ್ಲ. "ಗಾಲಿ ಬುಡಕ ಲಿಂಬಿಹಣ್ಣು ಇಡೂದು ನಮ್ಮ ನೇತ್ರಾನ ಕೆಲಸ ಆಗಿತ್ತರಿ," ಎಂದಳು ಯಾರಿಗೆಂದಿಲ್ಲದೆ. "ಗಾಡಿ ಓಡ್ಲಿ ಬಿಡ್ಲಿ, ಆಕಿ ಹೆಸರಿಲೆ ಈ ಸಲ ನಾನ ಇಟ್ಟಿದ್ದೆ." ಫೌಜದಾರ ಚಹಾದ ಕಪ್ಪು ಕೆಳಗಿಟ್ಟು ಎದ್ದು ತಾಟಿನೊಳಗೆ ನೋಡಿದ. ಹೂವಿನ ನಡುವೆ ನಾಲ್ಕು ಲಿಂಬೆಹಣ್ಣು, ನಾಲ್ಕೂ ಕಾಗದದಂತೆ ಚಪ್ಪಟೆ. ಒಣಗಿದ ಸಿಪ್ಪೆಯ ಮೇಲೆ ಟೈರಿನ ಗೆರೆ ಮೂಡಿತ್ತು.