ಮೂತಿ ಚಪ್ಪಟೆ ಗುಂಡು

2022ರ ನವೆಂಬರ್ 21, ಸೋಮವಾರ. ಬೆಳಿಗ್ಗೆ 8.40ಕ್ಕೆ ಹುಲಗೋಳದ ವೆಂಕಮ್ಮ ಶಿರಸಿಯ ಗ್ರಾಮೀಣ ಠಾಣೆಗೆ ಬಂದು, ಹುಚ್ಚ ಎಂಬ ಹೆಸರಿನ ತನ್ನ ಗಂಡ ನಿನ್ನೆಯಿಂದ ಮನೆಗೆ ಬಂದಿಲ್ಲವೆಂದು ದೂರು ಕೊಟ್ಟಳು. ಇನ್ಸ್‌ಪೆಕ್ಟರ್ ಚನ್ನಬಸವ ಹಾವೇರಿ ಕಡೆಯವರು, ಈ ಸೀಮೆಗೆ ಬಂದು ಐದೇ ತಿಂಗಳು. ಅವಳಿಗೆ ಕುರ್ಚಿ ಕೊಟ್ಟು ತಾವೇ ಕೇಳತೊಡಗಿದರು.

“ಎಲ್ಲಿಗೆ ಹೋಗಿದ್ದ?”

“ಸೊಪ್ಪಿಗೆ.”

“ಕತ್ತಿ ಒಯ್ದಿದ್ದನೇನು?”

ವೆಂಕಮ್ಮ ನೆಲ ನೋಡಿದಳು. “ಕತ್ತಿ ಮನೇಲೇ ಉಂಟು.”

“ಕತ್ತಿ ಇಲ್ಲದ ಸೊಪ್ಪು ಹೆಂಗ ಕಡೀತಾರವ್ವಾ?”

ಸಿದ್ದಾಪುರದ ಹುಡುಗ, ಕಾನ್‌ಸ್ಟೇಬಲ್ ಉಲ್ಲಾಸ, ಸಾಹೇಬರನ್ನು ಪಕ್ಕಕ್ಕೆ ಕರೆದ. “ಸರ್, ಭತ್ತ ಬಲಿತಿದೆ. ಹಂದಿ ಸೋಯೋಕೆ ಹೋಗಿರ್ತಾರೆ. ಬಾಯಿ ಬಿಟ್ರೆ ಇಡೀ ಊರಿಗೆ ಕೇಸು ಅಂತ ಹೆದರಿಕೆ.”

ಸೋಯುವುದೆಂದರೆ, ಬೆಟ್ಟದ ಒಂದು ಕಡೆಯಿಂದ ಹತ್ತಾರು ಜನ ಕೂಗುತ್ತ, ಡಬ್ಬ ಬಡಿಯುತ್ತ ಹಂದಿಯನ್ನು ಎಬ್ಬಿಸಿ ಓಡಿಸುವುದು. ಇನ್ನೊಂದು ಕಡೆ ಕೋವಿಯವರು ಕಾದಿರುತ್ತಾರೆ. ಕಾನೂನಿಗೆ ಇದು ಅಪರಾಧ. ಗದ್ದೆಯ ಬದುವಿನ ಮೇಲೆ ನಿಂತು, ಹಂದಿ ಉತ್ತು ಹೋದ ಭತ್ತ ನೋಡುವವನಿಗೆ ಏನೆಂದು ಕೇಳಿದರೆ ಅವನು ಬೇರೆಯದನ್ನೇ ಹೇಳುತ್ತಾನೆ.

11.15ಕ್ಕೆ ಶವ ಸಿಕ್ಕಿತು. ಹುಲಗೋಳದ ಬೆಟ್ಟದಲ್ಲಿ, ಹಳ್ಳದ ದಂಡೆಯ ಮೇಲೆ, ಮೈತುಂಬ ಹಸಿ ಸೊಪ್ಪು. ಸತ್ತವನು ತಾನೇ ಸೊಪ್ಪು ಹೊದ್ದು ಮಲಗುವುದಿಲ್ಲವಲ್ಲ! ಪಕ್ಕೆಲುಬಿನ ಕೆಳಗೆ ಒಂದೇ ಗುಂಡಿನ ಗಾಯ. ಪಂಚನಾಮೆ ಬರೆಯುವಷ್ಟರಲ್ಲಿ ಊರಿನ ಹದಿನೈದು ಮಂದಿ ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಒಬ್ಬರಾದರೂ ಹತ್ತಿರ ಬರಲಿಲ್ಲ. ನಾಪತ್ತೆ ದೂರು ಸಂಜೆಯೊಳಗೆ ಗುಂಡೇಟಿನ ಸಾವಿನ ಎಫ್‌ಐಆರ್ ಆಯಿತು.

ಮರಣೋತ್ತರ ಪರೀಕ್ಷೆ ಮಾಡಿದ ಡಾಕ್ಟರು ಗುಂಡನ್ನು ಬಿಳಿ ತಟ್ಟೆಯಲ್ಲಿಟ್ಟು ತೋರಿಸಿದರು. ತಾಮ್ರದ ಹೊದಿಕೆ, ಮೂತಿ ಚಪ್ಪಟೆ. ಅದಕ್ಕೆ ಎರಡು ಒರಟು ಕಪ್ಪು ಕೂದಲು ಅಂಟಿದ್ದವು.

“ಇದು ಮನುಷ್ಯನ ಕೂದಲಲ್ಲ. ಹಂದಿ ಮೈಯೊಳಗೆ ಹಾದು ಬಂದು ಇವನಿಗೆ ತಗುಲಿದೆ” ಎಂದರು. ತಟ್ಟೆ ಪಕ್ಕಕ್ಕಿಟ್ಟು, “ಕೂಡಲೇ ಜೀವ ಹೋಗಿಲ್ಲ. ಅರ್ಧ ತಾಸಾದರೂ ಉಸಿರಾಡಿದ್ದಾನೆ. ಬಾಯಿ ಮೂಗಿನೊಳಗೆ ಎಲೆಯ ಪುಡಿ ಇದೆ” ಎಂದರು.

ಚನ್ನಬಸವ ಕಾರವಾರದ ಶಸ್ತ್ರಾಗಾರಕ್ಕೆ ಫೋನ್ ಮಾಡಿದರು. ಅಲ್ಲಿನ ಹಳೇ ಹವಾಲ್ದಾರ ದ್ಯಾಮಪ್ಪ ವಿವರ ಕೇಳಿ ಒಂದೇ ಉಸಿರಿಗೆ ಹೇಳಿದ:

“ಲಿವರ್ ರೈಫಲ್ ಇರಬೇಕ್ರಿ ಸಾಹೇಬ್ರ. ಕೆಳಗಿನ ಕೊಂಡಿ ಜಗ್ಗಿ ತುಂಬೋದು. ಅದರಾಗ ತೋಟೆ ಒಂದರ ಹಿಂದ ಒಂದು ಕೊಳವ್ಯಾಗ ಮಲಗಿರ್ತಾವು. ಮೂತಿ ಚೂಪಿದ್ರ ಮುಂದಿನ ತೋಟೆಯ ತಳಕ್ಕ ಚುಚ್ಚಿ ಒಳಗೇ ಸಿಡೀತದ. ಅದಕ್ಕ ಚಪ್ಪಟಿ ಮೂತಿನೇ ಬೇಕು. ಅದರಾಗೂ ಎರಡು ತರ. ಬರೀ ಸೀಸದ್ದು ಮೆತ್ತಗ, ಪ್ರಾಣಿ ಒಳಗ ಅರಳಿ ಅಲ್ಲೇ ನಿಲ್ಲತದ. ತಾಮ್ರ ಹೊದಿಸಿದ್ದು ನಿಲ್ಲಂಗಿಲ್ರಿ, ದಾಟಿ ಹೋಗತದ.”

ಹುಲಗೋಳದಲ್ಲಿ ಲೈಸೆನ್ಸಿದ್ದವು ಆರು ಕೋವಿ. ಐದು, ಸೀಸದ ಕಾಳಿನಂಥ ಚರೆ ತುಂಬುವ ನಾಡಕೋವಿಗಳು. ಆರನೆಯದು ಅಜ್ಜನ ಕಾಲದಿಂದ ಬಂದ ಲಿವರ್ ರೈಫಲ್, ಈಗ ಮೊಮ್ಮಗ ಉದಯನ ಹೆಸರಿನಲ್ಲಿತ್ತು.

ಮಂಗಳವಾರ ಮಧ್ಯಾಹ್ನ ಉದಯ ರೈಫಲನ್ನು ತಾನೇ ತಂದು ಮೇಜಿನ ಮೇಲಿಟ್ಟ. ವಯಸ್ಸು ನಲವತ್ತರ ಆಸುಪಾಸು, ಮೂರು ದಿನದ ಗಡ್ಡ.

“ಹೊಡೆದದ್ದು ಹೌದು. ಹಂದಿ ಬಿತ್ತು, ಹೊತ್ಕೊಂಡು ಬಂದ್ವಿ.”

“ಹುಚ್ಚ?”

“ಸೋವಿನವರ ಜೊತೆ ಆಚೆ ಇದ್ದ. ಆ ದಾರೀಲೇ ಮನೆಗೆ ಹೋದ ಅಂದ್ಕೊಂಡೆ. ಅವನಿಗೆ ಬಿದ್ದದ್ದು ನಂಗೆ ಎಂತದೂ ಗೊತ್ತಿಲ್ಲ ಸರ್, ದೇವರಾಣೆ.”

“ಸೊಪ್ಪು ಮುಚ್ಚಿದ್ದು?”

“ಗೊತ್ತಿಲ್ಲ.”

ತಿಳಿಯದೆ ಆದದ್ದೋ, ತಿಳಿದೂ ಬಿಟ್ಟು ಬಂದದ್ದೋ? ಕೇಸು ನಿಂತದ್ದು ಇದೊಂದರ ಮೇಲೆ. ಹಂದಿಯ ಮಾಂಸ ಹದಿನಾರು ಮನೆಯಲ್ಲಿ ಬೆಂದಿತ್ತು, ಹದಿನಾರು ಮನೆಗೂ ಬಾಯಿರಲಿಲ್ಲ. ಆರೋಪಿಯನ್ನು ಮನೆಗೆ ಕಳಿಸಿ, ಊರು ಬಿಡಬೇಡವೆಂದು ಹೇಳಿದರು.

ಬುಧವಾರ 2.30ಕ್ಕೆ ಹೇಳಿಕೆ ಬರೆದುಕೊಳ್ಳಲು ವೆಂಕಮ್ಮನ ಮನೆಗೆ ಹೋದರು. ಅಡುಗೆ ಮನೆಯಿಂದ ಹಳಸಿದ ವಾಸನೆ ಬರುತ್ತಿತ್ತು. ಉಲ್ಲಾಸ ಒಲೆಯ ಮೇಲಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದ.

“ಅವರು ಬರ್ಲಿ ಅಂತ ಮಾಡಿಟ್ಟಿದ್ದೆ,” ವೆಂಕಮ್ಮ ಬಾಗಿಲಲ್ಲೇ ಕೂತು ಹೇಳಿದಳು. “ಚೆಲ್ಲೋಕೆ ಕೈ ಬರ್ಲಿಲ್ಲ. ಈ ಸಲ ನಮಗೆ ಹಂದಿ ತಲೆಯೇ ಬಂದಿತ್ತು.”

“ಯಾರು ತಂದುಕೊಟ್ರು?”

“ಉದಯ. ಭಾನುವಾರ ಸಂಜೆ ಬಾಗಿಲಲ್ಲಿಟ್ಟು, ನೀರೂ ಕುಡೀದೆ ಹೋದ.”

ಅಂಗಳಕ್ಕೆ ಬಂದಮೇಲೆ ಉಲ್ಲಾಸ ದನಿ ತಗ್ಗಿಸಿದ.

“ಸರ್, ತಲೆ ಕೋವಿಯವನ ಪಾಲು. ಯಾರ ಗುಂಡಿಗೆ ಹಂದಿ ಬಿತ್ತೋ ಅವನ ಮನೆಗೇ ಹೋಗ್ಬೇಕು. ಸೋವಿನವರಿಗೆಲ್ಲ ಸಮಪಾಲು, ಅಷ್ಟೇ. ತಲೆಗೋಸ್ಕರ ಅಣ್ಣತಮ್ಮಂದಿರು ಮಾತು ಬಿಟ್ಟದ್ದುಂಟು. ಕೊಟ್ಟವರನ್ನ ನಾ ಹುಟ್ಟಿದಮೇಲೆ ಕಂಡಿಲ್ಲ.”

“ಹಂಗಾರ ಹುಚ್ಚ ಬಿದ್ದದ್ದು ಭಾನುವಾರ ಸಂಜೀಕನ ಅಂವಗ ಗೊತ್ತಿತ್ತು,” ಎಂದರು ಚನ್ನಬಸವ. ಪತ್ತೆಯಾದ ಖುಷಿ ಅವರಿಗಾಗಲಿಲ್ಲ. ಜೀಪು ಹತ್ತಿ, ಉದಯನ ಮನೆ ಕಡೆ ತಿರುಗಿಸಲು ಹೇಳಿದರು.

4.10ಕ್ಕೆ ಉದಯನನ್ನು ಬಂಧಿಸಿದರು. ಹೆಂಡತಿ ತನುಜಾ ಗೋಡೆ ಹಿಡಿದುಕೊಂಡು ಹೊರಬಂದಳು. ಬಲಗಾಲು ತೊಡೆಯಿಂದಲೇ ಸೊಟ್ಟಗಿತ್ತು. ಅವಳು ಅಳಲಿಲ್ಲ, ಗಂಡನ ಕೈಗೆ ಒಂದು ಶಾಲು ಕೊಟ್ಟಳು.

ಠಾಣೆಯಲ್ಲಿ ತಲೆಯ ವಿಷಯ ಎತ್ತಿದ್ದೇ ತಡ, ಉದಯ ಶಾಲನ್ನು ನೆಲಕ್ಕಿಟ್ಟು, ಎಲ್ಲ ಹೇಳುತ್ತೇನೆಂದ.

“ಹುಬ್ಬಳ್ಳಿ ಬಂದೂಕಿನ ಅಂಗಡಿಯ ರಿಜಿಸ್ಟರಿನ್ಯಾಗ ಹೋದ ವರ್ಷದ ತನಕ ನೀ ಸೀಸದ ತೋಟೆನೇ ಒಯ್ದೀ. ಈ ವರ್ಷ ತಾಮ್ರದ್ದು ಯಾಕ?”

“ಹೋದ ವರ್ಷ ಸೀಸದ್ದು ಹಂದಿಯ ಹೆಗಲ ಚರ್ಮದಲ್ಲೇ ಚಪ್ಪಟೆಯಾಗಿ ನಿಂತಿತ್ತು ಸರ್. ಗಾಯದ ಹಂದಿ ಗದ್ದೆಗೆ ನುಗ್ತು, ತನುಜಾ ಅಲ್ಲೇ ಇದ್ಲು. ತೊಡೆ ಹರಿದುಹಾಕ್ತು.” ಅವನು ಮುಖ ಒರೆಸಿಕೊಂಡ. “ಹುಚ್ಚನೇ ಅವಳನ್ನ ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದ. ಹತ್ತು ನಿಮಿಷ ತಡ ಆಗಿದ್ರೆ ಉಳೀತಿರ್ಲಿಲ್ಲ ಅಂದಿದ್ರು ಡಾಕ್ಟರು. ಇನ್ನು ಯಾರಿಗೂ ಹಾಗಾಗ್ಬಾರ್ದು, ಹಂದಿ ಒಂದೇ ಏಟಿಗೆ ಬೀಳ್ಬೇಕು ಅಂತ ಗಟ್ಟಿದು ತಂದೆ.”

“ಅಂಗಡಿಯಂವ ಏನೂ ಹೇಳಲಿಲ್ಲ?”

“ಹೇಳಿದ್ದ. ದಾಟಿ ಹೋಗ್ತದೆ, ಹಂದಿ ಹಿಂದೆ ಯಾರೂ ಇರ್ಬಾರ್ದು ಅಂತ. ಸೋವಿನಲ್ಲಿ ಹಂದಿ ಹಿಂದೆ ಜನ ಇಲ್ದೆ ಇರ್ತಾರಾ ಸರ್? ಚರೆ ಕೋವಿ ಅಭ್ಯಾಸ ನಮ್ಗೆ. ಹಂದಿಗೆ ಬಿದ್ದದ್ದು ಹಂದೀಲೇ ಮುಗೀತದೆ ಅನ್ನೋ ಲೆಕ್ಕ.”

“ಹುಚ್ಚನ್ನ ನೋಡಿದಿ. ಆಮ್ಯಾಲೆ?”

“ಬಿದ್ದಿದ್ದ. ಕಣ್ಣು ತೆರೆದೇ ಇತ್ತು. ಸತ್ತ ಅಂದ್ಕೊಂಡೆ. ಮುಟ್ಟೋಕೆ ಧೈರ್ಯ ಬರ್ಲಿಲ್ಲ. ನಾನು ಜೈಲಿಗೆ ಹೋದ್ರೆ ಕಾಲು ಸರಿಯಿಲ್ಲದ ತನುಜಾನ ಯಾರು ನೋಡ್ತಾರೆ? ಅದೊಂದೇ ತಲೇಲಿ. ಸೊಪ್ಪು ಮುರಿದು ಮುಚ್ಚಿದೆ. ತಲೆ ಪಾಲು ನಂಗೆ ಗಂಟಲಲ್ಲಿ ಇಳೀತಿರ್ಲಿಲ್ಲ, ಅದಕ್ಕೇ ಅವರ ಮನೇಲಿಟ್ಟು ಬಂದೆ.”

ಉಲ್ಲಾಸನ ಪೆನ್ನು ನಿಂತಿತು. ಉದಯ ತಲೆ ಎತ್ತಿ ಇನ್ಸ್‌ಪೆಕ್ಟರರ ಮುಖ ನೋಡಿದ.

“ಅವ್ನು ಕೂಡ್ಲೇ ಹೋಗಿದ್ನಲ್ಲ ಸರ್?”

ಡಾಕ್ಟರರ ವರದಿ ಮೇಜಿನ ಮೇಲೆಯೇ ಇತ್ತು. ಇವತ್ತು ಮುಚ್ಚಿಟ್ಟರೂ ನಾಳೆ ಕೋರ್ಟಿನಲ್ಲಿ ಓದುತ್ತಾರೆ.

“ಅರ್ಧ ತಾಸು ಇದ್ದ,” ಎಂದರು ಚನ್ನಬಸವ.

ಉದಯ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡ.

“ಹಾಗಾದ್ರೆ ಸೊಪ್ಪು ಮುಚ್ಚೋವಾಗ ಅವ್ನು ನನ್ನ ನೋಡ್ತಾ ಇದ್ನಾ?”

ಸಂಜೆ 6.05ಕ್ಕೆ ಉಲ್ಲಾಸ ಕೇಸ್ ಡೈರಿ ಮುಚ್ಚಿ, ಆರೋಪಿಯ ಶಾಲನ್ನು ನೆಲದಿಂದ ಎತ್ತಿ ಅವನ ಹೆಗಲಿಗೆ ಹಾಕಿದ.